ಬಿಎಸ್‌ಡಿ ಅಂದರೆ ಎಷ್ಟು ಜನ?



ಮೊದಲಿಗೇ ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಗಣಿತದ ದೊಡ್ಡ ಬಹುಮಾನಗಳ ಬಗ್ಗೆ ಹೇಳುತ್ತಾ, "ಬಿಎಸ್‌ಡಿ ಊಹೆ ಮಾಡಿದವರು ಬರ್ಚ್, ಸ್ವಿನರ್ಟನ್, ಡಯರ್ ಎಂಬ ಮೂವರು" ಎಂದುಬಿಟ್ಟೆ. ಹಾಡು ಮುಗಿಯುವಷ್ಟರಲ್ಲಿ ಮಾಟುಂಗಾದ ನಿವೃತ್ತ ಮೇಷ್ಟ್ರೊಬ್ಬರ ಫೋನು. "ಅಲ್ಲಮ್ಮಾ, ಅವರು ಇಬ್ಬರೇ. ಸ್ವಿನರ್ಟನ್-ಡಯರ್ ಅನ್ನೋದು ಒಬ್ಬರದೇ ಹೆಸರು!"

ನಾನು ಓದಿದ್ದು ಕನ್ನಡ ಬಿ.ಎ. ಗಣಿತಕ್ಕೂ ನನಗೂ ಹತ್ತನೇ ತರಗತಿಗೇ ಋಣ ತೀರಿತ್ತು. ಆದರೂ ಮೈಕಿನ ಮುಂದೆ ಆಡಿದ ಮಾತಲ್ಲವೇ? ಒಂದು ಭಾನುವಾರ ಮೇಷ್ಟ್ರ ಮನೆಗೇ ಹೋಗಿ ಪಾಠ ಹೇಳಿಸಿಕೊಂಡು ಬಂದೆ.

ಬ್ರಯಾನ್ ಬರ್ಚ್ ಮತ್ತು ಪೀಟರ್ ಸ್ವಿನರ್ಟನ್-ಡಯರ್ 1960ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜಿನ ಎಡ್‌ಸ್ಯಾಕ್ 2 ಎಂಬ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುತ್ತಿದ್ದರು. ಒಂದು ಕಡೆ ವರ್ಗ, ಇನ್ನೊಂದು ಕಡೆ ಘನ ಇರುವಂಥ ಕೆಲವು ಸಮೀಕರಣಗಳು. ಅವುಗಳಿಗೆ ಭಿನ್ನರಾಶಿಯ ಉತ್ತರಗಳು ಬೆರಳೆಣಿಕೆಯಷ್ಟೋ, ಮುಗಿಯದಷ್ಟೋ? ಒಂದೊಂದೇ ಅವಿಭಾಜ್ಯ ಸಂಖ್ಯೆ ಹಿಡಿದು, ಭಾಗಿಸಿ ಉಳಿದ ಶೇಷಗಳಲ್ಲಿ ಎಷ್ಟು ಉತ್ತರ ಸಿಗುತ್ತವೆಂದು ಎಣಿಸುತ್ತಾ ಹೋದರೆ ಗುಟ್ಟು ಹೊರಬೀಳುತ್ತದೆ ಎಂಬುದು ಅವರ ಊಹೆ. 2000ದಲ್ಲಿ ಕ್ಲೇ ಗಣಿತ ಸಂಸ್ಥೆ ತಲಾ ಹತ್ತು ಲಕ್ಷ ಡಾಲರ್ ಇಟ್ಟ 7 ಸಮಸ್ಯೆಗಳಲ್ಲಿ ಇದೂ ಒಂದು. ಪೂರ್ತಿ ಸಾಧಿಸಿದವರು ಇನ್ನೂ ಯಾರೂ ಇಲ್ಲ.

ಇನ್ನು 'ಐಎಫ್‌ಎಫ್'. ಪುಸ್ತಕದಲ್ಲಿ ನೋಡಿದರೆ 'ಇಫ್' ಪದಕ್ಕೆ ಒಂದು ಅಕ್ಷರ ಹೆಚ್ಚು ಬಿದ್ದ ಮುದ್ರಣದೋಷ ಅನ್ನಿಸುತ್ತದೆ. ಅಲ್ಲ! 'ಇಫ್ ಅಂಡ್ ಓನ್ಲಿ ಇಫ್' ಎಂಬುದರ ಮೊಟಕು ರೂಪ ಅದು. ಕೊನೆಯ ಅಂಕಿ ಸೊನ್ನೆಯಾದರೆ ಆ ಸಂಖ್ಯೆ 5ರಿಂದ ಭಾಗವಾಗುತ್ತದೆ, ನಿಜ. ಆದರೆ 5ರಿಂದ ಭಾಗವಾದದ್ದಕ್ಕೆಲ್ಲ ಕೊನೆಗೆ ಸೊನ್ನೆ ಇರಬೇಕಿಲ್ಲ, 35 ನೋಡಿ. ಇಲ್ಲಿ ಬರೀ 'ಇಫ್'. 5ರ ಬದಲು 10 ಎಂದರೆ ಮಾತು ಎರಡೂ ಕಡೆಯಿಂದ ನಿಲ್ಲುತ್ತದೆ. ಆಗಲೇ ಆ ಎರಡನೇ 'ಎಫ್' ಹಾಕುವ ಹಕ್ಕು. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ, ಒಂದೇ ಕಡೆ ಸಾಧಿಸಿ ಪೆನ್ನು ಕೆಳಗಿಡುತ್ತಾರೆ ಎಂದರು ಮೇಷ್ಟ್ರು.

'ಡಬ್ಲ್ಯುಎಲ್‌ಒಜಿ' ಎಂಬುದೊಂದಿದೆ: 'ವಿದೌಟ್ ಲಾಸ್ ಆಫ್ ಜನರಾಲಿಟಿ'. ಎರಡು ಸಂಖ್ಯೆಗಳಿದ್ದರೆ ಮೊದಲನೆಯದೇ ದೊಡ್ಡದು ಅಂದುಕೊಳ್ಳೋಣ, ಹೆಸರು ಅದಲುಬದಲಾದರೂ ವಾದ ಕೆಡುವುದಿಲ್ಲ ಎಂದರ್ಥ. ಕೆಡುವ ಕಡೆ ಇದನ್ನು ಬಳಸುವಂತಿಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು 'ಕೆ' ಅಕ್ಷರದ ಕಥೆ. ಕೂಡಿ, ಕಳೆದು, ಗುಣಿಸಿ, ಸೊನ್ನೆ ಬಿಟ್ಟು ಬೇರಾವುದರಿಂದ ಭಾಗಿಸಿದರೂ ತನ್ನೊಳಗೇ ಉಳಿಯುವ ಸಂಖ್ಯೆಗಳ ಕೂಟಕ್ಕೆ ಜರ್ಮನಿಯ ಡೆಡೆಕಿಂಡ್ 1871ರಲ್ಲಿ 'ಕ್ಯೋರ್ಪರ್', ಅಂದರೆ ದೇಹ, ಎಂದು ಹೆಸರಿಟ್ಟ. ಇಂಗ್ಲಿಷಿನವರು 'ಫೀಲ್ಡ್' ಎಂದರು. ದೇಹ ಹೋಗಿ ಹೊಲ ಬಂತು, ಆದರೆ ಪುಸ್ತಕಗಳಲ್ಲಿ ಇವತ್ತಿಗೂ 'ಕೆ' ಎಂದೇ ಬರೆಯುವ ರೂಢಿ ಉಳಿದಿದೆ. ಪೂರ್ಣಾಂಕಗಳ 'ಝಡ್' ಕೂಡ ಜರ್ಮನ್ನಿನದೇ. ಸಂಖ್ಯೆಗಳಿಗೆ ಅಲ್ಲಿ 'ತ್ಸಾಲೆನ್' ಎನ್ನುತ್ತಾರೆ, ಬರೆಯುವುದು ಝಡ್‌ನಿಂದ.

ನಿಮ್ಮ ಮಕ್ಕಳ ಪುಸ್ತಕದಲ್ಲೂ ಇಂಥ ಒಗಟಿನ ಅಕ್ಷರಗಳಿದ್ದರೆ ಬರೆದು ಕಳಿಸಿ. ಈ ಸಲ ಮೊದಲು ಮೇಷ್ಟ್ರಿಗೆ ತೋರಿಸಿ, ಆಮೇಲೆ ಓದುತ್ತೇನೆ.