ಕಳೆ ಕೊಚ್ಚುವ ಮೊದಲು ಕಿವಿ ಮುಚ್ಚಿಕೊಳ್ಳಿ: ಇಯರ್ ಮಫ್ ಆರಿಸುವ ಬಗೆ



ಕಳೆದ ವರ್ಷ ನಮ್ಮ ಸಂಘದ ತಾಳಮದ್ದಳೆ ಕೂಟದ ದಿನಾಂಕ ತಪ್ಪಾಗಿ ಪ್ರಕಟವಾದದ್ದು ಅನೇಕರಿಗೆ ನೆನಪಿರಬಹುದು. ಭಾಗವತರು ಫೋನಿನಲ್ಲಿ ‘ಹದಿನಾಲ್ಕು’ ಎಂದಿದ್ದರು. ನನಗೆ ಕೇಳಿಸಿದ್ದು ‘ಹದಿನಾರು’. ಹದಿನಾಲ್ಕರ ಸಂಜೆ ಅರ್ಥಧಾರಿಗಳು ಬಂದಿಳಿದಾಗ ಸಭಾಭವನಕ್ಕೆ ಬೀಗ ಹಾಕಿತ್ತು. ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ತಾರೀಕು, ಅಂಕಿ ಸಂಖ್ಯೆಗಳನ್ನೇ ಬರೆದ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಬೇಡ. ಲೈನ್ ಸರಿ ಇರಲಿಲ್ಲ ಎಂದು ಅಂದು ಸಮಜಾಯಿಷಿ ಕೊಟ್ಟಿದ್ದೆ. ಲೈನ್ ಸರಿಯಾಗಿಯೇ ಇತ್ತು, ಕಿವಿ ಸರಿ ಇರಲಿಲ್ಲ ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಮನೆಯವರ ಒತ್ತಾಯಕ್ಕೆ ಮಂಗಳೂರಿಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಿದೆ. ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು, 4000 ಹರ್ಟ್ಸ್ ಹತ್ತಿರ ಹೊಂಡಕ್ಕೆ ಬಿದ್ದ ಹಾಗೆ ಇಳಿದಿತ್ತು. ‘ಯಾವ ಯಂತ್ರದಲ್ಲಿ ಕೆಲಸ ಮಾಡ್ತೀರಿ?’ ಎಂದು ಪರೀಕ್ಷೆ ಮಾಡಿದವರು ಕೇಳಿದರು. ‘ನಾನು ಗುಮಾಸ್ತ, ನನ್ನ ಯಂತ್ರ ಪೆನ್ನು’ ಎಂದೆ. ಆಮೇಲೆ ನೆನಪಾಯಿತು. ನಿವೃತ್ತಿಯಾದ ಮೇಲೆ ಅಡಿಕೆ ತೋಟದ ಹುಲ್ಲನ್ನು ಏಳು ವರ್ಷ ನಾನೇ ಕೊಚ್ಚಿದ್ದೇನೆ, ಬ್ರಶ್ ಕಟ್ಟರ್ ಎನ್ನುವ ಪೆಟ್ರೋಲ್ ಯಂತ್ರದಲ್ಲಿ, ಕಿವಿಗೆ ಏನೂ ಇಲ್ಲದೆ. ವಯಸ್ಸಿನ ಪಾಲೂ ಇದೆ, ಆದರೆ ಹೊಂಡ ತೋಡಿದ್ದು ಸದ್ದು ಎಂದರು ಅವರು.

ಕಾಸರಗೋಡಿನ ನಮ್ಮ ಕಡೆ ಈಗ ತೋಟವಿರುವ ಹೆಚ್ಚಿನ ಮನೆಗಳಲ್ಲಿ ಇಂಥ ಯಂತ್ರವಿದೆ. ಮಳೆ ಬಿಟ್ಟೊಡನೆ, ಅಡಿಕೆ ಬೀಳುವ ಮೊದಲು ತೋಟ ಸ್ವಚ್ಛವಾಗಬೇಕು. ಮರ ಕೊಯ್ಯುವ ಗರಗಸ ಯಂತ್ರ, ಮದ್ದು ಬಿಡುವ ಪಂಪು, ಕೆಂಪು ಕಲ್ಲು ಕಡಿಯುವ ಯಂತ್ರ ಎಲ್ಲವೂ ಸದ್ದಿನವೇ. ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ಕಿವಿಯ ವಿಚಾರ ಇತ್ತು, ಕನ್ನಡದಲ್ಲಿ ಇರಲಿಲ್ಲ. ನಾನೂ ಓದುವ ಗೋಜಿಗೆ ಹೋಗಲಿಲ್ಲ. ಹೋದ ಕಿವಿ ಬರುವುದಿಲ್ಲ. ನಿಮ್ಮದನ್ನಾದರೂ ಉಳಿಸಿಕೊಳ್ಳಲಿ ಎಂದು ಆಮೇಲೆ ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಒಳಗೆ ಆಗುವುದೇನು?

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು. ಸದ್ದನ್ನು ನರಕ್ಕೆ ದಾಟಿಸುವ ಕೆಲಸ ಇವುಗಳದ್ದು. ಜೋರು ಸದ್ದಿಗೆ ಇವು ಬಗ್ಗುತ್ತವೆ. ವಿಶ್ರಾಂತಿ ಸಿಕ್ಕರೆ ಕೆಲವು ಚೇತರಿಸಿಕೊಳ್ಳುತ್ತವೆ, ದಿನವೂ ಹೊಡೆತ ಬಿದ್ದರೆ ಸಾಯುತ್ತವೆ. ಸತ್ತದ್ದು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಯಂತ್ರ ನಿಲ್ಲಿಸಿದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಕೇಳಿಸುತ್ತದಲ್ಲ, ಅದು ಎಚ್ಚರಿಕೆ.

ಮೊದಲು ಹೋಗುವುದು ಏರು ಕಂಪನದ ಸದ್ದುಗಳು. ಸ್ವರಗಳು ಕೇಳುತ್ತವೆ, ಸ, ಚ, ತ, ಕ ಮುಂತಾದ ವ್ಯಂಜನಗಳು ಜಾರುತ್ತವೆ. ಆದ್ದರಿಂದ ‘ನನಗೆ ಕೇಳಿಸುತ್ತದೆ, ನೀವೇ ಸರಿಯಾಗಿ ಮಾತಾಡುವುದಿಲ್ಲ’ ಎಂದು ನಾವು ಮನೆಯವರ ಮೇಲೆ ರೇಗುತ್ತೇವೆ. ನಾನೂ ರೇಗಿದ್ದೇನೆ.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದು ನಮ್ಮ ಸಾಮಾನ್ಯ ಕೂಡುವ ಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ‘ನಿಯೋಶ್’ ಹೇಳುವಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 88 ಆದರೆ 4 ಗಂಟೆ, 91 ಆದರೆ 2 ಗಂಟೆ, 94 ಆದರೆ 1 ಗಂಟೆ, 97 ಆದರೆ ಅರ್ಧ ಗಂಟೆ, 100 ಆದರೆ ಬರೀ 15 ನಿಮಿಷ. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡೆಸಿಬೆಲ್ ಮಿತಿ ಇದೆ. ತೋಟ ಕಾರ್ಖಾನೆ ಅಲ್ಲ, ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ನಮ್ಮ ಮಿತಿಯನ್ನು ನಾವೇ ನೋಡಿಕೊಳ್ಳಬೇಕು.

ಪೆಟ್ರೋಲ್ ಬ್ರಶ್ ಕಟ್ಟರ್ ನಡೆಸುವವನ ಕಿವಿಯ ಹತ್ತಿರ ಸದ್ದು 100 ಡೆಸಿಬೆಲ್ ಆಸುಪಾಸು. ಮರ ಕೊಯ್ಯುವ ಯಂತ್ರ 110ರವರೆಗೂ ಹೋಗುತ್ತದೆ. ನಾನು ಬೆಳಗ್ಗೆ 3 ಗಂಟೆ ಹುಲ್ಲು ಕೊಚ್ಚುತ್ತಿದ್ದೆ. ರೇಷನ್ ಕಾರ್ಡಿನ ಭಾಷೆಯಲ್ಲಿ ಹೇಳುವುದಾದರೆ ಹನ್ನೆರಡು ದಿನದ ಪಡಿಯನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದೆ.

ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕೈ ಚಾಚಿದರೆ ತಾಗುವಷ್ಟು ದೂರದಲ್ಲಿ ನಿಂತವರೊಂದಿಗೆ ದನಿ ಏರಿಸಿ ಮಾತಾಡಬೇಕಾದರೆ ಸದ್ದು 85 ದಾಟಿದೆ ಎಂದು ತಿಳಿಯಿರಿ.

ಅಂಗಡಿಯಲ್ಲಿ ಕೇಳುವುದು ಏನು?

ಅಂಗಡಿಗೆ ಹೋಗಿ ‘ಹೆಡ್‌ಫೋನ್’ ಎಂದರೆ ಹಾಡು ಕೇಳುವುದನ್ನು ಕೊಡುತ್ತಾರೆ. ನನಗೂ ಹಾಗೇ ಆಯಿತು. ಅದು ಕಿವಿ ಕಾಯುವ ಸಾಧನವಲ್ಲ. ಯಂತ್ರದ ಸದ್ದಿನ ಮೇಲೆ ಹಾಡು ಕೇಳಲು ನಾವು ಅದರ ಸದ್ದನ್ನೂ ಏರಿಸುತ್ತೇವೆ, ಹೊಡೆತ ಎರಡಾಗುತ್ತದೆ. ಹತ್ತಿ ತುರುಕಿಕೊಳ್ಳುವುದು, ಬೈರಾಸು ಸುತ್ತುವುದು ಇವುಗಳಿಂದ ಆಗುವ ಉಪಕಾರ ತೀರಾ ಕಡಿಮೆ. ಕೇಳಬೇಕಾದದ್ದು ‘ಸೇಫ್ಟಿ ಇಯರ್ ಮಫ್’. ಕಿವಿಯನ್ನು ಪೂರ್ತಿ ಮುಚ್ಚುವ ಎರಡು ಬಟ್ಟಲು, ಅಂಚಿಗೆ ಮೆತ್ತೆ, ತಲೆಯ ಮೇಲೆ ಬಿಗಿಯುವ ಪಟ್ಟಿ. ಕಿವಿಯೊಳಗೆ ಇಡುವ ಮೆತ್ತನೆಯ ಬಿರಡೆಗೆ ‘ಇಯರ್ ಪ್ಲಗ್’ ಎನ್ನುತ್ತಾರೆ.

ಪೆಟ್ಟಿಗೆಯ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಎಂಬ ಅಕ್ಷರಗಳ ಮುಂದೆ ಒಂದು ಅಂಕಿ ಇರಬೇಕು. ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂಬುದರ ಅಂಕಿ ಅದು. ಅಂಕಿಯೇ ಇಲ್ಲದ್ದನ್ನು ಕೊಳ್ಳಬೇಡಿ. ಮೊದಲನೆಯದು ಅಮೆರಿಕದ ಪದ್ಧತಿ, ಎರಡನೆಯದು ಯುರೋಪಿನದ್ದು. ಒಂದೇ ಸಾಮಾನಿಗೆ ಎಸ್‌ಎನ್‌ಆರ್ ಅಂಕಿ ಸಾಮಾನ್ಯವಾಗಿ ಕೆಲವು ಡೆಸಿಬೆಲ್ ಹೆಚ್ಚು ತೋರಿಸುತ್ತದೆ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಭಾರತದ ಮಾನಕ ಐಎಸ್ 9167ರ ಗುರುತಿದ್ದರೆ ಒಳ್ಳೆಯದು.

ಆ ಅಂಕಿ ಪ್ರಯೋಗಾಲಯದ್ದು. ತೋಟದಲ್ಲಿ ಅಷ್ಟು ಸಿಗುವುದಿಲ್ಲ. ಎನ್‌ಆರ್‌ಆರ್ ಅಂಕಿಯಿಂದ 7 ಕಳೆದು ಉಳಿದದ್ದನ್ನು ಅರ್ಧ ಮಾಡಿ, ಅಷ್ಟನ್ನು ಮಾತ್ರ ನಂಬಬೇಕು ಎಂಬುದು ಎಚ್ಚರಿಕೆಯ ಲೆಕ್ಕ. ಎನ್‌ಆರ್‌ಆರ್ 25 ಇದ್ದರೆ 18ರ ಅರ್ಧ 9. ಸದ್ದು 100ರಿಂದ 91ಕ್ಕೆ ಇಳಿಯಿತು, 15 ನಿಮಿಷದ ಅವಕಾಶ 2 ಗಂಟೆಗೆ ಏರಿತು. ಎನ್‌ಆರ್‌ಆರ್ 30 ಇದ್ದರೆ ಹನ್ನೊಂದೂವರೆ ಇಳಿದು ಸುಮಾರು ಮೂರೂವರೆ ಗಂಟೆ ಸಿಗುತ್ತದೆ. ಮರ ಕೊಯ್ಯುವವರಿಗೆ ಇದೂ ಸಾಲದು. 110ರ ಸದ್ದಿಗೆ ಎನ್‌ಆರ್‌ಆರ್ 30ರ ಮಫ್ ಕೊಡುವುದು ಸುಮಾರು 20 ನಿಮಿಷ. ಒಳಗೆ ಪ್ಲಗ್ ಇಟ್ಟು ಮೇಲೆ ಮಫ್ ಹಾಕಿದರೆ ಇನ್ನೊಂದು 5 ಡೆಸಿಬೆಲ್ ಇಳಿಯುತ್ತದೆ, ಒಂದು ಗಂಟೆ ದಕ್ಕುತ್ತದೆ. 30 ಮತ್ತು 30 ಕೂಡಿ 60 ಆಗುವುದಿಲ್ಲ.

ಅಂಕಿಗಿಂತ ಮುಖ್ಯ: ಹಾಕಿಯೇ ಇರುವುದು

ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. 30 ಡೆಸಿಬೆಲ್ ಪೂರ್ತಿ ತಡೆಯುವ ಮಫ್ ನಿಮ್ಮ ಹತ್ತಿರ ಇದೆ ಎಂದಿಟ್ಟುಕೊಳ್ಳಿ. ಒಂದು ಗಂಟೆಯ ಕೆಲಸದಲ್ಲಿ ಬೆವರಿಗೆಂದೋ ಫೋನಿಗೆಂದೋ ಯಂತ್ರ ಓಡುತ್ತಿರುವಾಗಲೇ 6 ನಿಮಿಷ ತೆಗೆದಿಟ್ಟರೆ, ಒಟ್ಟು ಸಿಗುವ ರಕ್ಷಣೆ 10 ಡೆಸಿಬೆಲ್‌ಗೆ ಇಳಿಯುತ್ತದೆ. ಅರ್ಧ ಗಂಟೆ ತೆಗೆದಿಟ್ಟರೆ 3 ಮಾತ್ರ. ಕೊಡೆಗೆ ತೂತು ಬಿದ್ದ ಹಾಗೆ. ಆದ್ದರಿಂದ ಯಂತ್ರದ ಹಗ್ಗ ಎಳೆಯುವ ಮೊದಲು ಹಾಕಿ, ಯಂತ್ರ ನಿಂತ ಮೇಲೆ ತೆಗೆಯಿರಿ. ಹೆಚ್ಚು ಅಂಕಿಯ ಭಾರದ ಮಫ್ ಕೊಂಡು ಅಟ್ಟದಲ್ಲಿಡುವುದಕ್ಕಿಂತ, ತಲೆಗೆ ಹಿತವಾಗಿ ಕೂರುವ ಹಗುರವಾದದ್ದು ಲೇಸು.

ಕೊಳ್ಳುವಾಗ ಇವನ್ನು ನೋಡಿ:

1. ಕಿವಿ ಪೂರ್ತಿ ಬಟ್ಟಲಿನ ಒಳಗೆ ಹೋಗಬೇಕು. ಅಂಚು ಕಿವಿಯ ಮೇಲೆ ಕುಳಿತರೆ ಹತ್ತು ನಿಮಿಷದಲ್ಲಿ ನೋವು ಬರುತ್ತದೆ.

2. ದಿನವೂ ಹಾಕುವ ಕನ್ನಡಕ, ಟೋಪಿ ಜೊತೆಗೆ ಕೊಂಡೊಯ್ದು ಹಾಕಿ ನೋಡಿ. ಮೆತ್ತೆಯ ಕೆಳಗೆ ಕನ್ನಡಕದ ದಪ್ಪ ಕಾಲು, ಟೋಪಿಯ ಅಂಚು, ಕೂದಲು ಸಿಕ್ಕಿಕೊಂಡರೆ ಆ ಸಂದಿಯಿಂದ ಸದ್ದು ನುಗ್ಗುತ್ತದೆ. ತೆಳು ಕಾಲಿನ ಕನ್ನಡಕವಾದರೆ ಕಷ್ಟ ಕಡಿಮೆ.

3. ಮರ ಕೊಯ್ಯುವವರು, ಮರದಡಿ ಕೆಲಸ ಮಾಡುವವರು ಹೆಲ್ಮೆಟ್‌ಗೇ ಜೋಡಿಸಿದ ಮಫ್ ಮತ್ತು ಮುಖಕ್ಕೆ ಜಾಲರಿ ಇರುವುದನ್ನು ತೆಗೆದುಕೊಳ್ಳಿ. ತಲೆ, ಕಣ್ಣು, ಕಿವಿ ಮೂರಕ್ಕೂ ಆಯಿತು.

4. ಮೆತ್ತೆ ಬದಲಾಯಿಸಲು ಸಿಗುತ್ತದೆಯೇ ಎಂದು ಕೇಳಿ. ನಮ್ಮ ಕರಾವಳಿಯ ಬೆವರಿಗೆ ಅದು ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಬಿರಿದ ಮೆತ್ತೆ ಸದ್ದು ತಡೆಯುವುದಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ ನೆರಳಿನಲ್ಲಿ ಆರಿಸಿ. ಪಟ್ಟಿಯನ್ನು ಅಗಲಿಸಿ ಗೂಟಕ್ಕೆ ಸಿಕ್ಕಿಸಿದರೆ ಬಿಗಿ ಹೋಗುತ್ತದೆ.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಉಪಾಯ. ಮಫ್ ಹಾಕಿಕೊಂಡು, ಬೇರೊಬ್ಬರು ಯಂತ್ರ ಚಾಲೂ ಮಾಡಿ ಹಿಡಿದಿರುವಾಗ, ದೂರ ನಿಂತು ಎರಡೂ ಬಟ್ಟಲುಗಳನ್ನು ಅಂಗೈಯಿಂದ ಒತ್ತಿ. ಸದ್ದು ಎದ್ದು ಕಾಣುವಷ್ಟು ಕಡಿಮೆಯಾದರೆ ಎಲ್ಲೋ ಸಂದಿ ಇದೆ.

ಪ್ಲಗ್ ಬಳಸುವವರು ಕೈ ತೊಳೆದು, ಬಿರಡೆಯನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಡಬೇಕು. ಅದು ಉಬ್ಬುವವರೆಗೆ, ಅಂದರೆ ಸುಮಾರು ಅರ್ಧ ನಿಮಿಷ, ಬೆರಳಿನಿಂದ ಒತ್ತಿ ಹಿಡಿಯಬೇಕು. ಮದ್ದು ಬಿಡುವಾಗ, ಕೈಗೆ ಎಣ್ಣೆ ಆದಾಗ ಪ್ಲಗ್ ಬೇಡ, ಮಫ್ ಸಾಕು. ಕಿವಿ ಸೋರುತ್ತಿದ್ದರೆ ಯಾವುದನ್ನು ಬಳಸುವುದಕ್ಕೂ ಮೊದಲು ವೈದ್ಯರನ್ನು ಕಾಣಿ.

ಕರೆದರೆ ಕೇಳಿಸುವುದಿಲ್ಲವಲ್ಲ?

‘ಕಿವಿ ಮುಚ್ಚಿದರೆ ಯಾರಾದರೂ ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ’ ಎಂದು ಹಲವರು ಹೇಳುತ್ತಾರೆ. ಮಾತು ನಿಜ. ಆದರೆ 100 ಡೆಸಿಬೆಲ್ ಸದ್ದಿನಲ್ಲಿ ತೆರೆದ ಕಿವಿಗೂ ಕೂಗು ಕೇಳಿಸುವುದಿಲ್ಲ. ಯಂತ್ರ ಓಡುವಾಗ ಬೇರೆಯವರು 15 ಮೀಟರ್ ದೂರ ಇರಬೇಕು ಎಂಬುದು ತಯಾರಕರೇ ಹೇಳುವ ನಿಯಮ. ಚಾ ತರುವವರು ಹಿಂದಿನಿಂದ ಬಂದು ಹೆಗಲು ಮುಟ್ಟಬಾರದು. ಎದುರಿನಿಂದ ಬಂದು, ದೂರ ನಿಂತು ಕೈ ಬೀಸಬೇಕು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಕೊನೆಗೊಂದು ವಿನಂತಿ

ನಾನು ವರ್ಷದಲ್ಲಿ ಕೆಲವು ವಾರ ಮಾತ್ರ ಹುಲ್ಲು ಕೊಚ್ಚಿದವನು. ಸಂಬಳಕ್ಕೆ ಮನೆಯಿಂದ ಮನೆಗೆ ಹೋಗಿ ದಿನವಿಡೀ ಕೊಚ್ಚುವ ಹುಡುಗರಿದ್ದಾರೆ. ಕಲ್ಲಿನ ಕೋರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಂತ್ರದ ಬೆನ್ನಿಗೇ ನಿಲ್ಲುವವರಿದ್ದಾರೆ. ಇಪ್ಪತ್ತೈದರ ಪ್ರಾಯದಲ್ಲಿ ಅವರ ಕಿವಿಯ ಮೇಲೆ ಬೀಳುತ್ತಿರುವ ಪೆಟ್ಟು ಗೊತ್ತಾಗುವುದು ನಲವತ್ತಕ್ಕೆ. ಕೆಲಸಕ್ಕೆ ಕರೆಯುವ ನಾವು ಪೆಟ್ರೋಲ್, ಚಾ, ಊಟ ಕೊಡುತ್ತೇವೆ. ಒಂದು ಇಯರ್ ಮಫ್ ಕೂಡ ಕೊಡೋಣ. ಅದನ್ನು ಅವರಿಗೇ ಬಿಟ್ಟುಬಿಡೋಣ, ಒಬ್ಬರ ಬೆವರಿನ ಮೆತ್ತೆ ಇನ್ನೊಬ್ಬರಿಗೆ ಬೇಡ.

ಮುಂದಿನ ಮಾಸಿಕ ಸಭೆಗೆ ನನ್ನಲ್ಲಿರುವ ಎರಡು ಬಗೆಯ ಮಫ್ ಮತ್ತು ಪ್ಲಗ್‌ಗಳನ್ನು ತರುತ್ತೇನೆ. ಸದಸ್ಯರು ತಮ್ಮ ಕನ್ನಡಕ, ಟೋಪಿಯೊಂದಿಗೆ ಬಂದು ಹಾಕಿ ನೋಡಬಹುದು. ಸಭೆಯ ದಿನಾಂಕ ಎಂದಿನಂತೆ ಈ ಪುಟದಲ್ಲಿ ಪ್ರಕಟವಾಗುತ್ತದೆ. ಈಗ ನಾನು ದಿನಾಂಕಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದಿಲ್ಲ, ಬರಹದಲ್ಲೇ ತರಿಸಿಕೊಳ್ಳುತ್ತೇನೆ. ಆದ್ದರಿಂದ ಬೀಗ ಹಾಕಿರುತ್ತದೆಂಬ ಅಂಜಿಕೆ ಬೇಡ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ