ಕೇಕಿನೊಳಗಿನ ವೈನ್ ಎಲ್ಲಿ ಹೋಯಿತು?

ಗೋವಾದಲ್ಲಿ ದುಡಿಯುವ ಅಣ್ಣ ತಂದ ಕೇಕಿನ ಡಬ್ಬಿಯನ್ನು ತಾಯಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರಂತೆ. ಡಬ್ಬಿಯ ಚೀಟಿಯಲ್ಲಿ ‘ಪೋರ್ಟ್ ವೈನ್’ ಎಂದಿತ್ತು. ಸವದತ್ತಿ ಕಡೆಯ ಆ ಹುಡುಗ ವಿಜ್ಞಾನದ ತಾಸಿನಲ್ಲಿ ಎದ್ದು ನಿಂತು ಕೇಳಿದ: “ಸರ, ಕೇಕ್ ಬೆಂದ ಮ್ಯಾಲ ಅದರಾಗಿನ ಸೆರೆ ಹಾರಿ ಹೋಗತೈತೇನ್ರಿ?”

“ನೀರು 100 ಡಿಗ್ರಿಗೆ ಕುದಿಯುತ್ತದೆ, ಆಲ್ಕೋಹಾಲ್ 78ಕ್ಕೇ ಕುದಿಯುತ್ತದೆ. ಎಲ್ಲ ಹಾರಿಹೋಗುತ್ತದಪ್ಪಾ” ಎಂದೆ. ಮನೆಗೆ ಬಂದು ಹುಡುಕಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು.

ಮೊದಲು ಈ ವೈನ್ ಏನೆಂದು ನೋಡೋಣ. ಬೈಲಹೊಂಗಲದ ಕಬ್ಬಿನ ಹಾಲನ್ನು ಹಾಗೇ ಬಿಟ್ಟರೆ ಹುಳಿಯುತ್ತದಲ್ಲವೇ? ದ್ರಾಕ್ಷಿ ರಸದಲ್ಲೂ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡನ್ನು ಉಂಟುಮಾಡುತ್ತದೆ. ಪೋರ್ಚುಗಲ್ಲಿನ ಪೋರ್ಟ್ ವೈನಿಗೆ, ಸಕ್ಕರೆ ಮುಗಿಯುವ ಮೊದಲೇ, ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಮದ್ಯವನ್ನು ಬೆರೆಸುತ್ತಾರೆ. ಆಲ್ಕೋಹಾಲ್ ಶೇ. 20ರ ಹತ್ತಿರಕ್ಕೆ ಏರುತ್ತಲೇ ಯೀಸ್ಟಿನ ಕೆಲಸ ನಿಲ್ಲುತ್ತದೆ. ಸಿಹಿ ಉಳಿಯುತ್ತದೆ, ವೈನ್ ಬೇಗ ಕೆಡುವುದಿಲ್ಲ. ಸ್ಪೇನಿನ ಶೆರಿ, ಸಿಸಿಲಿಯ ಮಾರ್ಸಾಲಾ ಇದೇ ಬಳಗದವು. ಅಡುಗೆಗೆ ಇವು ಒಗ್ಗುವುದೂ ಇದರಿಂದಲೇ. ಗೋವಾ 1961ರವರೆಗೆ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತೆಂಬುದನ್ನೂ ನೆನೆಯಿರಿ.

ಇನ್ನು ನನ್ನ ತಪ್ಪು. ನೀರಿನೊಡನೆ ಬೆರೆತ ಆಲ್ಕೋಹಾಲ್ ಒಂಟಿಯಾಗಿ ಹೊರಡುವುದಿಲ್ಲ. ಆವಿಯಲ್ಲಿ ಎರಡೂ ಕೂಡಿಯೇ ಹೋಗುತ್ತವೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ, ಹಿಟ್ಟಿನಲ್ಲಿ ಕಲಸಿ 15 ನಿಮಿಷ ಬೇಯಿಸಿದರೆ ಶೇ. 40, ಒಂದು ತಾಸಿಗೆ ಶೇ. 25, ಎರಡೂವರೆ ತಾಸಿಗೂ ಶೇ. 5ರಷ್ಟು ಆಲ್ಕೋಹಾಲ್ ಉಳಿದಿರುತ್ತದೆ. ಕುದಿಯುವ ಸಾರಿಗೆ ಸುರಿದು ಕೂಡಲೇ ಇಳಿಸಿದರಂತೂ ಶೇ. 85 ಅಲ್ಲಿಯೇ!

ಲೆಕ್ಕ ಮಾಡಿರಿ. ಕೇಕಿಗೆ 100 ಮಿ.ಲೀ. ಪೋರ್ಟ್ ಹಾಕಿದರೆ ಆಲ್ಕೋಹಾಲ್ 20 ಮಿ.ಲೀ. ಒಂದು ತಾಸು ಬೆಂದ ಮೇಲೆ ಉಳಿಯುವುದು 5 ಮಿ.ಲೀ. ಹತ್ತು ತುಂಡು ಮಾಡಿದರೆ ತುಂಡಿಗೆ ಅರ್ಧ ಮಿ.ಲೀ. ಅಮಲೇರುವಷ್ಟಲ್ಲ, ಆದರೆ ಸೊನ್ನೆಯೂ ಅಲ್ಲ. ಬೆಂದ ಮೇಲೆ ಸುರಿದ ವೈನಂತೂ ಬಹುಪಾಲು ಹಾಗೇ ಇರುತ್ತದೆ. ಅಂಥದ್ದು ಮಕ್ಕಳಿಗೆ ಬೇಡ.

ಮರುದಿನ “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ಪಾಠ ಆರಂಭಿಸಿ, ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ ತಾಯಿಗೆ ತೋರಿಸಿದ. “ಸೊನ್ನೆ ಅಲ್ಲಂದ್ರ ನಮ್ಮನಿಗೆ ಬ್ಯಾಡ” ಎಂದರಂತೆ ಆಕೆ.

ಕೇಕ್ ತಿನ್ನುವುದು, ಬಿಡುವುದು ಆಯಾ ಮನೆಯ ವಿಚಾರ. ಬೇಡವೆನ್ನುವವರು ಒಣದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಹಾಕಿ ಕೇಕ್ ಮಾಡಬಹುದು, ರುಚಿಗೇನೂ ಕೊರತೆಯಾಗದು.