ಬತ್ತಿದ ಕೊಳವೆಬಾವಿಯನ್ನು ಮುಚ್ಚುವ ಬಗೆ

ನೀರು ಬತ್ತಿ ಕೈಬಿಟ್ಟ ಕೊಳವೆಬಾವಿಯೊಂದನ್ನು ಮುಚ್ಚಬೇಕಾಗಿದೆ ಎಂದುಕೊಳ್ಳೋಣ. ಮಕ್ಕಳು ಒಳಗೆ ಬೀಳದಂತೆ ಇಂಥ ಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಮೊದಲಾದುವುಗಳಿಂದ ತುಂಬಿಸಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ವಿಧಿಸಿತು. ಹೀಗೆ ತುಂಬಿದರೆ ಬೀಳುವ ಭಯ ತಪ್ಪುತ್ತದೆ, ನಿಜ. ನೀರಿನ ಮಾತೇ ಬೇರೆ. ಕೋಲಾರದ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಚಲಿಸುವುದು ಬಿರುಕುಗಳ ಮೂಲಕ. ಮೇಲಿನ ಬಿರುಕಿಗೂ ಕೆಳಗಿನದಕ್ಕೂ ನಡುವೆ ಇದ್ದ ಕಲ್ಲಿನ ತಡೆಯನ್ನು ಬೈರಿಗೆ ಕೊರೆದುಬಿಟ್ಟಿದೆ. ಮರಳಿನ ಸಂದುಗಳಲ್ಲಿ ಚರಂಡಿಯ ನೀರೂ ಗೊಬ್ಬರದ ನೈಟ್ರೇಟೂ ಇಳಿದು ನೆರೆಯವರ ಬಾವಿಯನ್ನು ಸೇರಬಹುದು. ಕಳೆದುಹೋದ ಆ ತಡೆಯನ್ನು ಮರಳಿ ಕಟ್ಟುವ ವಸ್ತುವೇ ಗ್ರೌಟ್, ಎಂದರೆ ಕೊಳವೆಯಲ್ಲಿ ಹರಿಯುವಷ್ಟು ತೆಳುವಾಗಿ ಕಲಸಿದ ಸಿಮೆಂಟು.

ಕಲಸುವುದರಲ್ಲಿ ಏನು ವಿಶೇಷ ಎಂದು ವಾಚಕರು ಕೇಳಬಹುದು. ವಿಶೇಷವೆಲ್ಲ ನೀರಿನ ಅಳತೆಯಲ್ಲಿದೆ. ಸಿಮೆಂಟು ಗಟ್ಟಿಯಾಗುವಾಗ ರಾಸಾಯನಿಕವಾಗಿ ಬಂಧಿಸಿಕೊಳ್ಳುವ ನೀರು ಅದರ ತೂಕದ ಸುಮಾರು ಕಾಲುಭಾಗ ಮಾತ್ರ. ಅಷ್ಟೇ ಬೆರೆಸಿದರೆ ಅದು ಮುದ್ದೆಯಾಗಿ ಕೊಳವೆಯಲ್ಲಿ ಇಳಿಯದು. ಆದುದರಿಂದ 50 ಕಿಲೋಗ್ರಾಂ ಚೀಲವೊಂದಕ್ಕೆ ಸುಮಾರು 25 ಲೀಟರು ಹಾಕುತ್ತಾರೆ. ಇನ್ನೂ ಹೆಚ್ಚಿಗೆ ಸುರಿದರೆ ಕೆಲಸವೇನೋ ಹಗುರವಾಗುತ್ತದೆ. ಆದರೆ ಕಣಗಳು ತಳಕ್ಕಿಳಿದು ನೀರು ಮೇಲೆ ನಿಲ್ಲುತ್ತದೆ. ಗಟ್ಟಿಯಾದ ಮೇಲೂ ಒಳಗೆ ಸೂಕ್ಷ್ಮ ರಂಧ್ರಗಳು ಹೆಚ್ಚಾಗಿ ಉಳಿದು, ತಡೆಯಬೇಕಾದ ನೀರಿಗೇ ದಾರಿ ಕೊಡುತ್ತವೆ.

ಪೀಪಾಯಿಯಲ್ಲಿ ಮೊದಲು ನೀರನ್ನು ಅಳೆದು ಹಾಕಿ, ಅದನ್ನು ತಿರುಗಿಸುತ್ತಲೇ ಸಿಮೆಂಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಅಂಬಲಿಗೆ ರಾಗಿಹಿಟ್ಟು ಕದಡುವ ನಮ್ಮ ತಾಯಂದಿರಿಗೆ ಈ ಪಾಠ ಬೇಕಾಗಿಲ್ಲ! ಗಂಟು ಉಳಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಸೇರಿಸುವುದೂ ಉಂಟು. ನೀರಿನಲ್ಲಿ ಉಬ್ಬುವ ಅದು ಸಿಮೆಂಟಿನ ಕಣಗಳನ್ನು ಬೇಗ ತಳಕ್ಕಿಳಿಯಗೊಡದು. ಸಿಮೆಂಟು ಬೆರೆತ ನೀರಿಗೆ ಇದನ್ನು ಹಾಕಿದರೆ ಅಲ್ಲಿರುವ ಕ್ಯಾಲ್ಸಿಯಂ ಅಯಾನುಗಳು ಉಬ್ಬುವಿಕೆಯನ್ನು ತಗ್ಗಿಸುತ್ತವೆ. ಶುದ್ಧ ನೀರಿನಲ್ಲಿ ಮೊದಲೇ ನೆನೆಸಿದರೆ ಅದು ಚೆನ್ನಾಗಿ ಉಬ್ಬುತ್ತದೆ. ಅದೇ ಸಾಮಗ್ರಿ, ಅದೇ ತೂಕ. ಬೆರೆಸುವ ಕ್ರಮ ಬದಲಾದರೆ ಗ್ರೌಟಿನ ಗುಣವೇ ಬದಲಾಗುತ್ತದೆ.

ಕಲಸಿದ್ದನ್ನು ಬಾವಿಯ ಬಾಯಿಂದ ಸುರಿಯಕೂಡದು. ಒಳಗೆ ನಿಂತ ನೀರಿನಲ್ಲಿ ಬೀಳುತ್ತ ಸಿಮೆಂಟು ಚದುರಿಹೋಗುತ್ತದೆ. ಸಣ್ಣ ಕೊಳವೆಯೊಂದನ್ನು ತಳದವರೆಗೆ ಇಳಿಬಿಟ್ಟು ಅದರ ಮೂಲಕ ಗ್ರೌಟನ್ನು ಒತ್ತಬೇಕು. ನಮ್ಮ ಚೀಲದ ಲೆಕ್ಕದಲ್ಲಿ 75 ಕಿಲೋಗ್ರಾಂ ತೂಕದ ಮಿಶ್ರಣ ಸುಮಾರು 41 ಲೀಟರು ಸ್ಥಳ ಹಿಡಿಯುತ್ತದೆ, ಎಂದರೆ ಅದು ನೀರಿಗಿಂತ 1.8 ಪಟ್ಟು ಭಾರ. ಆದುದರಿಂದ ಅದು ತಳದಿಂದ ಏರುತ್ತ ಹಳೆಯ ನೀರನ್ನು ಮೇಲಕ್ಕೆ ದೂಡುತ್ತದೆ. ಕೊಳವೆಯನ್ನು ಎತ್ತುವಾಗ ಅದರ ತುದಿ ಸದಾ ಗ್ರೌಟಿನೊಳಗೆ ಮುಳುಗಿರಬೇಕು.

ವೆಚ್ಚವೆಷ್ಟು? 165 ಮಿಲಿಮೀಟರು ವ್ಯಾಸದ ರಂಧ್ರದಲ್ಲಿ ಮೀಟರಿಗೆ ಸುಮಾರು 21 ಲೀಟರು ಹಿಡಿಸುತ್ತದೆ. 100 ಮೀಟರಿಗೆ 52 ಚೀಲ. ಬಿರುಕುಗಳು ನುಂಗುವುದು ಬೇರೆ. ರೈತನಿಗೆ ಇದು ಸಣ್ಣ ಮೊತ್ತವಲ್ಲ. ನೀರಿನ ಬಿರುಕುಗಳೆದುರು ಶುಚಿಯಾದ ಜಲ್ಲಿ ತುಂಬಿ, ನಡುವಣ ಗಟ್ಟಿ ಕಲ್ಲಿನೆದುರು ಮತ್ತು ನೆಲದ ಸಮೀಪದಲ್ಲಿ ಮಾತ್ರ ಗ್ರೌಟನ್ನಿಡುವ ಪದ್ಧತಿಯೂ ಇದೆ. ನಮ್ಮ ಊರುಗಳಿಗೆ ಇದೇ ಹೊಂದೀತೆಂದು ನಮಗೆ ತೋರುತ್ತದೆ. ಮರುದಿನ ಗ್ರೌಟಿನ ಮಟ್ಟ ಕುಸಿದಿದ್ದರೆ ಅಷ್ಟನ್ನು ಹೊಸದಾಗಿ ಕಲಸಿ ತುಂಬಿಸಬೇಕು.